ವರ್ನಾಳ ಪಾತ್ರೆ

ಬನ್ನು ಸೀಳಿ ಸೀಳಿ ರೋಂಡಾಳ ಹೆಬ್ಬೆರಳು ಮರಗಟ್ಟಿತ್ತು. ಆದರೂ ಅವಳು ಕೈ ನಿಲ್ಲಿಸಲಿಲ್ಲ. ಸೀಳುವುದು, ಬೆಣ್ಣೆ ಸವರುವುದು, ಹಂದಿಮಾಂಸದ ತೆಳುವಾದ ಹೋಳೊಂದನ್ನು ಮಡಚಿ ಇಡುವುದು, ಮುಚ್ಚುವುದು. ಮಹಡಿಯ ಮೇಲೆ ಚರ್ಚಿನ ಆರ್ಗನ್ನು ಮೆಲ್ಲಗೆ ನರಳುತ್ತಿತ್ತು. ಪ್ರಾರ್ಥನೆಯ ನಡುವೆ ಜನ ಎದ್ದು ಕೂರುವಾಗ ಬೆಂಚುಗಳು ಕಿರುಗುಟ್ಟುವ ಸದ್ದು ನೆಲಮಾಳಿಗೆಯ ಅಡುಗೆಮನೆಗೂ ಇಳಿದು ಬರುತ್ತಿತ್ತು.

ಮೇಲೆ ಶವಪೆಟ್ಟಿಗೆಯಲ್ಲಿ ವರ್ನಾ ಮಲಗಿದ್ದಳು. ಶಾಲೆಯ ಬಸ್ಸು ಓಡಿಸಿ ಊರಿನ ಅರ್ಧಕ್ಕರ್ಧ ಜನರನ್ನು ಹಿಮದಲ್ಲೂ ಕೆಸರಲ್ಲೂ ದಡ ಮುಟ್ಟಿಸಿದವಳು. ಗಂಡ ಹೋದ ಮೇಲೆ ನಾಲ್ಕು ಕೋಳಿ ಸಾಕಿಕೊಂಡು ಒಬ್ಬಳೇ ಇದ್ದಳು. ಭಾನುವಾರ ಬೆಳಿಗ್ಗೆ ಗೂಡಿನ ಮುಂದೆ ಕುಸಿದವಳು ಮತ್ತೆ ಏಳಲಿಲ್ಲ.

"ಅವಳ ಅಡುಗೆಮನೆ ಕಪಾಟು ತೆಗೆದು ನೋಡ್ದೆ ಕಣೇ," ಅಂದಳು ಐಯೋನ್, ಉಪ್ಪಿನಕಾಯಿ ಸೌತೆ ಹೆಚ್ಚುತ್ತ. "ಎರಡು ತಟ್ಟೆ, ಒಂದು ಬಾಣಲೆ. ಗಾಜಿನ ಪಾತ್ರೆ ಅನ್ನೋದು ಮದ್ದಿಗೂ ಇಲ್ಲ."

"ಇರೋದು ಹೇಗೆ?" ಆರ್ಲಿಸ್ ದೊಡ್ಡ ಕಾಫಿ ಹಂಡೆಯ ಮುಚ್ಚಳ ಎತ್ತಿ ಮೂಸಿ ನೋಡಿದಳು. ಆ ಅಡುಗೆಮನೆಯಲ್ಲಿ ಅವಳ ಮಾತೇ ಕಟ್ಟಳೆ. "ಹೆಸರಿನ ಕೆಳಗೆ ಅವಳು ಏನು ಬರೀತಿದ್ಲು ನೆನಪಿದೆಯಾ? 'ವಾಪಸ್ ಬೇಕು, ಅವಸರ ಇಲ್ಲ.' ಹಂಗೆ ಬರೆದ್ರೆ ಯಾರು ತಂದುಕೊಡ್ತಾರೆ? ನಾನು ನನ್ನ ಹೆಸರು ಬರೆದು ಕೆಳಗೆ ಒಂದು ಗೆರೆ ಎಳೀತೀನಿ ನೋಡು. ಮೂರನೇ ದಿನಕ್ಕೆ ಪಾತ್ರೆ ಮನೆ ಬಾಗಿಲಲ್ಲಿರುತ್ತೆ."

"ನಿನಗೆ ಹೆದರಿ ಬರುತ್ತೆ ಬಿಡು."

ಇಬ್ಬರೂ ನಕ್ಕರು. ಸಾವಿಗಾಗಲಿ ಮದುವೆಗಾಗಲಿ ತಂದ ಪಾತ್ರೆಯ ತಳಕ್ಕೆ ಬಿಳಿ ಟೇಪು ಅಂಟಿಸಿ ಹೆಸರು ಬರೆಯುವುದು ಆ ಚರ್ಚಿನ ಹೆಂಗಸರ ರೂಢಿ. ಕೂಟ ಮುಗಿದ ಮೇಲೆ ಪಾತ್ರೆಗಳನ್ನು ಬೋರಲು ಹಾಕಿಟ್ಟರೆ ಯಾರದ್ದು ಯಾರಿಗೆ ಅನ್ನುವ ತಕರಾರಿರುವುದಿಲ್ಲ.

"ಎಲ್ಲಾ ಆ ಲಾಡ್ಜಿನಲ್ಲೇ ಉಳಿದಿರುತ್ತೆ," ಆರ್ಲಿಸ್ ಮಾತು ಮುಂದುವರಿಸಿದಳು. ಹೆದ್ದಾರಿಯ ಬದಿ, ಲಾರಿಗಳು ತಂಗುವ ಪೆಟ್ರೋಲ್ ಬಂಕಿನ ಹಿಂದೆ, ಎಣ್ಣೆಬಾವಿಗಳ ಜೊತೆಗೇ ಎದ್ದ ಲಾಡ್ಜದು. "ಗುರುವಾರ ಬಂತಂದ್ರೆ ಬಿಸಿ ಅಡುಗೆ ಹೊತ್ಕೊಂಡು ಹೊರಟುಬಿಡೋಳು. ನಾನೂ ಆಲೂಗಡ್ಡೆ ಕೊಟ್ಟೆ, ಇಲ್ಲ ಅನ್ನಲಿಲ್ಲ. ಆದ್ರೆ ಅಲ್ಲಿರೋ ಹೆಂಗಸರು ಪಾತ್ರೆ ತೊಳೆದು ವಾಪಸ್ ಕೊಡೋ ಪೈಕಿಯಾ ಹೇಳು?"

ರೋಂಡಾಳ ಚಾಕು ಒಂದು ಗಳಿಗೆ ಬನ್ನಿನೊಳಗೇ ನಿಂತಿತು.

"ನಿಮ್ಮ ದೊಡ್ಡಮ್ಮನ್ನ ಆಡ್ಕೊಂಡೆ ಅಂತ ಬೇಜಾರು ಮಾಡ್ಕೋಬೇಡ ಮಗಳೇ," ಅಂದಳು ಆರ್ಲಿಸ್. "ಅವಳ ಮನಸ್ಸು ಬಂಗಾರ. ನಾನು ಹೇಳಿದ್ದು ಪಾತ್ರೆ ಮಾತು."

"ಬೇಜಾರಿಲ್ಲ," ಅಂದಳು ರೋಂಡಾ.

ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದು, ಹೊರಗಿನ ಕರಗಿದ ಹಿಮದ ವಾಸನೆ ಮೆಟ್ಟಿಲಿಳಿದು ಬಂತು. ಹಿಂದೆಯೇ ಒಂದು ಹುಡುಗಿ. ತೆಳ್ಳನೆ ಜಾಕೆಟ್ಟು, ಕಾಲಿಗೆ ಬೇಸಿಗೆಯ ಬಟ್ಟೆ ಬೂಟು. ಎದೆಗವಚಿ ಹಿಡಿದದ್ದು ಒಂದು ಗಾಜಿನ ಪಾತ್ರೆ.

"ಇದು... ವರ್ನಾ ಅವರದ್ದು," ಅಂದಳು. "ವಾಪಸ್ ಕೊಡೋಣ ಅಂತ ಬಂದೆ. ಅವರು ಹೋದದ್ದು ರೇಡಿಯೋದಲ್ಲಿ ಕೇಳಿದ್ವಿ."

"ಅಯ್ಯೋ, ಬಾರಮ್ಮ, ಎಂಥ ಒಳ್ಳೆ ಹುಡುಗಿ!" ಆರ್ಲಿಸ್ ಕೈ ಒರೆಸಿಕೊಂಡು ಮುಂದೆ ಬಂದಳು. "ಈಗ ತಾನೇ ಅವಳ ಪಾತ್ರೆ ಮಾತೇ ಆಡ್ತಿದ್ವಿ. ಕೊಡು, ನಾನು ಇಡ್ತೀನಿ. ಎಷ್ಟು ಚೆನ್ನಾಗಿ ಉಜ್ಜಿದೀಯ!"

ಹುಡುಗಿ ಪಾತ್ರೆ ಬಿಡಲಿಲ್ಲ. ಆರ್ಲಿಸ್ ನಗುತ್ತಲೇ ಸ್ವಲ್ಪ ಎಳೆದಳು. ಆಗ ಬಿಟ್ಟಳು. ಆರ್ಲಿಸ್ ಅದನ್ನು ಉಳಿದ ಪಾತ್ರೆಗಳ ಮೇಲೆ ಬೋರಲು ಹಾಕಿ, ನಾಲ್ಕು ಬನ್ನುಗಳನ್ನು ಕಾಗದದಲ್ಲಿ ಸುತ್ತಿ ಹುಡುಗಿಯ ಕೈಗಿತ್ತಳು. "ದಾರಿಗಿರಲಿ. ಹುಷಾರು, ಮೆಟ್ಟಿಲು ಜಾರುತ್ತೆ."

ಹೊರಗೆ ಹಾರ್ನು ಮೊಳಗಿತು, ಉದ್ದಕ್ಕೆ. ನೆಲಮಾಳಿಗೆಯ ಕಿಟಕಿ ನೆಲದ ಮಟ್ಟಕ್ಕಿತ್ತು. ಅದರಲ್ಲಿ ಕಾಣುತ್ತಿದ್ದದ್ದು ಕೆಸರು ಮೆತ್ತಿದ ಎರಡು ದಪ್ಪ ಚಕ್ರ. ಚಕ್ರದ ಪಕ್ಕ ಒಂದು ಜೊತೆ ಬೂಟು ಇಳಿದು ನಿಂತಿತು.

ಹುಡುಗಿ ಬನ್ನಿನ ಪೊಟ್ಟಣ ಹಿಡಿದು ಕಿಟಕಿಯನ್ನೊಮ್ಮೆ, ಬೋರಲು ಬಿದ್ದ ಪಾತ್ರೆಯನ್ನೊಮ್ಮೆ ನೋಡಿದಳು. ಆಮೇಲೆ ಮೆಟ್ಟಿಲ ಕಡೆ ತಿರುಗಿದಳು.

ಟೇಪಿನ ಮೇಲೆ ವರ್ನಾಳ ದುಂಡನೆಯ ಅಕ್ಷರವನ್ನು ರೋಂಡಾ ನಿಂತಲ್ಲಿಂದಲೂ ಓದಬಹುದಾಗಿತ್ತು.

*

ಹತ್ತು ವರ್ಷದ ಹಿಂದೆ, ಚಳಿ ಮೂಳೆ ಕಡಿಯುತ್ತಿದ್ದ ಒಂದು ಮಧ್ಯಾಹ್ನ, ಇಂಥದೇ ಪಾತ್ರೆ ರೋಂಡಾಳ ಮಂಚದ ಕೆಳಗಿತ್ತು. ಚಳಿಗಾಲ ಕಾಲಿಡುವಾಗ ಬಂದದ್ದು. ಆಲೂಗಡ್ಡೆ, ಮಾಂಸ, ಮೇಲೆ ಕರಗಿದ ಚೀಸು. ಲಾಡ್ಜಿನ ಬಾಗಿಲು ತಟ್ಟಿದ ಮುದುಕಿ ದೇವರ ಮಾತು ಎತ್ತಲಿಲ್ಲ, ಧರ್ಮಪ್ರಚಾರದ ಚೀಟಿ ಕೊಡಲಿಲ್ಲ.

"ಅಡುಗೆ ನಿನ್ನದು. ಪಾತ್ರೆ ನನ್ನದು," ಅಂದಿದ್ದಳು. "ನಿನಗೆ ಸಾಕು ಅನ್ನಿಸಿದ ದಿವಸ ತಂದುಕೊಡು. ಒಬ್ಬಳೇ ಬಾ. ನಾನು ಬಾಗಿಲು ತೆಗೀತೀನಿ, ಆಮೇಲಿಂದೆಲ್ಲ ನನ್ನ ಪಾಲಿಗೆ ಬಿಡು. ಯಾರಾದ್ರೂ ಕೇಳಿದ್ರೆ, ಚರ್ಚಿನ ಮುದುಕಿ ಪಾತ್ರೆಗೆ ಪ್ರಾಣ ತಿಂತಾಳೆ ಅನ್ನು. ನಂಬ್ತಾರೆ. ಎಲ್ಲರ ಮನೇಲೂ ಅಂಥವಳೊಬ್ಬಳು ಇದ್ದೇ ಇರ್ತಾಳೆ."

ರೋಂಡಾಳನ್ನು ಇಟ್ಟುಕೊಂಡಿದ್ದವನು ನಂಬಿದ. ಕೊಟ್ಟು ಬಾ ಹೋಗು, ತಲೆನೋವು ಕಳೀಲಿ, ಅಂದ. ಆ ಮಧ್ಯಾಹ್ನ ಅವಳು ಗಾಳಿಗೆ ಬೆನ್ನು ಕೊಟ್ಟು ನಡೆದಳು. ವರ್ನಾ ಬಾಗಿಲು ತೆಗೆದವಳು ಅವಳ ಮುಖ ನೋಡಲಿಲ್ಲ. ಮುಖ ನೋಡಿದ್ದರೆ ರೋಂಡಾ ಓಡಿಬಿಡುತ್ತಿದ್ದಳೋ ಏನೋ. ವರ್ನಾ ಪಾತ್ರೆ ತಿರುಗಿಸಿ ತಳ ನೋಡಿದಳು.

"ತೊಳೆದಿದೀಯಾ. ಒಳ್ಳೇದು. ಒಳಗೆ ಬಾ, ಕೋಳಿಗೆ ಕಾಳು ಹಾಕೋದಿದೆ, ಚೀಲ ಎತ್ತೋಕೆ ಒಂದು ಕೈ ಬೇಕಿತ್ತು."

ಕೆಲವು ತಿಂಗಳು ನಗರದ ಆಶ್ರಯಮನೆಯಲ್ಲಿ ಇರಿಸಿ, ಅವನು ಊರು ಬಿಟ್ಟ ಮೇಲೆ ವರ್ನಾ ಅವಳನ್ನು ಮನೆಗೆ ಕರೆತಂದಳು. ಅದಾದ ಮುಂದಿನ ಭಾನುವಾರ ಚರ್ಚಿನಲ್ಲಿ ಯಾರೋ ಇವಳು ಯಾರೆಂದು ಕೇಳಿದಾಗ ವರ್ನಾ, "ನಮ್ಮ ಕಡೆಯವಳು," ಅಂದಳು. ಅಷ್ಟೇ. ಮಾಂಟಾನಾ ರಾಜ್ಯದಲ್ಲಿದ್ದ ಅವಳ ಗಂಡನ ತಮ್ಮನ ಮಗಳು ಅಂತ ಜನ ತಾವೇ ಹೊಂದಿಸಿಕೊಂಡರು. ವರ್ನಾ ಹೌದು ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಆ ಸುಳ್ಳಿನ ಮೇಲೆ ರೋಂಡಾ ಮನೆ ಕಟ್ಟಿದಳು. ಶಾಲೆಯಲ್ಲಿ ಅಡುಗೆ ಕೆಲಸ, ಚರ್ಚಿನ ಅಡುಗೆಮನೆಯಲ್ಲಿ ಒಂದು ಏಪ್ರನ್ನು, ಅವಳ ಹೆಸರಿನದೂ ಒಂದು ಟೇಪು.

*

ಹುಡುಗಿ ಎರಡನೇ ಮೆಟ್ಟಿಲಿನಲ್ಲಿದ್ದಳು.

"ನಿಲ್ಲು," ಅಂದಳು ರೋಂಡಾ.

ಹುಡುಗಿ ನಿಂತಳು.

"ಹೆಸರೇನು ನಿಂದು?"

"ಮಾರಿಸಾ."

"ಮಾರಿಸಾ, ಪಾತ್ರೆ ಯಾವಾಗ ತರಬೇಕು ಅಂತ ವರ್ನಾ ಹೇಳಿದ್ಲು?"

"ಅವರೇ ಹೋಗ್ಬಿಟ್ರಲ್ಲ. ಬಿಡಿ. ಏನೋ ಅಂದ್ಕೊಂಡು ಬಂದೆ." ಕಿಟಕಿಯ ಬೂಟುಗಳನ್ನು ನೋಡುತ್ತ ದನಿ ತಗ್ಗಿಸಿದಳು. "ತಡ ಆದ್ರೆ ಒಳಗೇ ಬರ್ತಾನೆ. ಇವತ್ತು ಸಂಜೆ ಬೇರೆ ಊರಿಗೆ ಕರ್ಕೊಂಡು ಹೋಗ್ತಿದಾನೆ. ಪಾತ್ರೆ ಕೊಡದಿದ್ರೆ ಚರ್ಚಿನೋರು ಹುಡುಕ್ಕೊಂಡು ಬರ್ತಾರೆ ಅಂತ ಸುಳ್ಳು ಹೇಳಿ ಇಲ್ಲಿ ನಿಲ್ಲಿಸಿದ್ದು."

"ಏನದು?" ಆರ್ಲಿಸ್ ಕಾಫಿ ಸೌಟು ಹಿಡಿದೇ ಬಂದಳು. "ಯಾರು ಒಳಗೆ ಬರ್ತಾರೆ? ಏನು ನಡೀತಿದೆ ಇಲ್ಲಿ?"

ಏನಾದರೂ ಹೇಳಬಹುದಿತ್ತು. ಹುಡುಗಿಗೆ ಹುಷಾರಿಲ್ಲ, ನಾನು ಬಿಟ್ಟು ಬರ್ತೀನಿ ಅನ್ನಬಹುದಿತ್ತು. ಆದರೆ ಒಬ್ಬಳಿಂದ ಆಗುವ ಕೆಲಸವಲ್ಲ ಅದು. ಬೂಟುಗಳು ಕಿಟಕಿಯಿಂದ ಮರೆಯಾಗಿ ಬಾಗಿಲ ಕಡೆ ನಡೆದದ್ದು ರೋಂಡಾಗೆ ಕಂಡಿತು.

"ಅವಳು ಪಾತ್ರೆ ಕೊಡೋಕೆ ಬಂದಿಲ್ಲ ಆರ್ಲಿಸ್. ಬಿಟ್ಟು ಬರೋಕೆ ಬಂದಿದಾಳೆ. ಆ ಲಾಡ್ಜು, ಅವನು, ಎಲ್ಲಾನೂ. ಪಾತ್ರೆ ತಂದ್ರೆ ಅದೇ ಅರ್ಥ. ವರ್ನಾ ಹಂಗೆ ಹೇಳಿ ಕೊಡ್ತಿದ್ಲು."

"ನಿನಗೆ ಹೇಗೆ ಗೊತ್ತು?"

"ನಾನೂ ಒಂದು ತಂದಿದ್ದೆ," ಅಂದಳು ರೋಂಡಾ. "ನಾನು ಮಾಂಟಾನಾದವಳಲ್ಲ. ಅವಳಿಗೆ ನಾನು ಏನೂ ಆಗಬೇಕಿಲ್ಲ. ಆ ಲಾಡ್ಜಿನಿಂದಲೇ ಬಂದವಳು."

ಐಯೋನಳ ಚಾಕು ಹಲಗೆಯ ಮೇಲೆ ಸದ್ದಿಲ್ಲದೆ ಮಲಗಿತು. ಮೇಲೆ ಜನ ಎದ್ದು ನಿಂತು ಕೊನೆಯ ಹಾಡು ಎತ್ತಿಕೊಂಡರು. ಆರ್ಲಿಸ್ ರೋಂಡಾಳ ಮುಖವನ್ನು, ಏಪ್ರನ್ನನ್ನು, ಬೆಣ್ಣೆ ಮೆತ್ತಿದ ಕೈಗಳನ್ನು ನೋಡಿದಳು. ಅವಳ ಕೆನ್ನೆ ಕೆಂಪಾಯಿತು. ಪಾತ್ರೆಯನ್ನು ಹುಡುಗಿಯ ಕೈಯಿಂದ ಎಳೆದದ್ದು ನೆನಪಾಯಿತೋ, ಆಡಿದ ಮಾತು ನೆನಪಾಯಿತೋ, ಅವಳೇ ಬಲ್ಲಳು.

ಪಕ್ಕದ ಬಾಗಿಲು ಧಡಾರನೆ ತೆರೆಯಿತು. "ಮಾರಿಸಾ!"

ಆರ್ಲಿಸ್ ದೊಡ್ಡ ತಟ್ಟೆಯೊಂದನ್ನು ಎಳೆದು ನಾಲ್ಕು ಬನ್ನು, ಒಂದು ಗುಡ್ಡೆ ಆಲೂಗಡ್ಡೆ ಪಲ್ಯ, ಎರಡು ತುಂಡು ಕೇಕು ಹಾಕಿದಳು. ಇನ್ನೊಂದು ಕೈಗೆ ಅಂಚಿನವರೆಗೆ ತುಂಬಿದ ಕಾಫಿ. ಮೆಟ್ಟಿಲ ಬುಡಕ್ಕಿಳಿದಿದ್ದ ಹುಡುಗಿಯನ್ನು ಸೊಂಟದಿಂದ ಪಕ್ಕಕ್ಕೆ ನೂಕಿ ಹತ್ತಿದಳು. ಮೆಟ್ಟಿಲು ಕಿರಿದು, ಆರ್ಲಿಸ್ ಅಗಲ. ಅವಳನ್ನು ದಾಟಿ ಇಳಿಯುವುದು ಯಾರಿಂದಲೂ ಆಗದ ಮಾತು.

"ಬಾಪ್ಪ, ಬಾ! ಆ ಮಗೂನ ಕರ್ಕೊಂಡು ಬಂದೋನು ನೀನೇನಾ? ಪಾತ್ರೆ ವಾಪಸ್ ತರೋ ಗಂಡಸು ಈ ಊರಲ್ಲಿ ಹುಟ್ಟೇ ಇಲ್ಲ ಅಂದ್ಕೊಂಡಿದ್ದೆ. ಹಿಡಿ ತಟ್ಟೆ."

"ನನಗೇನೂ ಬೇಡ ಅಜ್ಜಿ. ಅವಳನ್ನ ಕಳಿಸಿ, ಹೊತ್ತಾಯ್ತು."

"ಸಾವಿಗೆ ಬಂದು ಬಾಯಿಗೆ ಏನೂ ಹಾಕದೆ ಹೋಗೋದುಂಟಾ? ವರ್ನಾ ಎದ್ದು ಬಂದು ಕೇಳ್ತಾಳೆ ನನ್ನ. ಹಿಡಿ ಅಂದೆ! ಈ ಕೈಗೆ ಕಾಫಿ. ಹುಷಾರು, ಸುಡುತ್ತೆ. ಹೊರಗೆ ನಡಿ, ಇಲ್ಲಿ ಗಾಳಿ ಆಡಲ್ಲ. ನೀನು ಯಾರ ಮಗ? ಪೂರ್ವದ ಕಡೆಯವನ ಥರ ಕಾಣ್ತೀಯ..."

ಐಯೋನ್ ಆಗಲೇ ಮೇಲಿನ ಚರ್ಚಿಗೆ ಹತ್ತುವ ಒಳಮೆಟ್ಟಿಲ ಬಾಗಿಲು ತೆರೆದು ಹಿಡಿದಿದ್ದಳು. ಗೂಟದಿಂದ ತನ್ನ ಕಪ್ಪು ಕೋಟು ತೆಗೆದು ಹುಡುಗಿಯ ಹೆಗಲಿಗೆ ಹಾಕಿದಳು. "ಜೇಬಲ್ಲಿ ಕೈಗವಸಿದೆ," ಅಂದಳು, ಬೇರೇನೂ ತೋಚದೆ.

ಮೇಲೆ ಪೆಟ್ಟಿಗೆ ಎತ್ತಿದ್ದರು. ಪೆಟ್ಟಿಗೆಯ ಹಿಂದಿನ ಜಾಗ ಮನೆಯವರದು. ವರ್ನಾಗೆ ಮಕ್ಕಳಿರಲಿಲ್ಲ. ಜಾಗ ರೋಂಡಾಗಾಗಿ ಖಾಲಿಯಿತ್ತು. ಹಾದಿ ನೋಡುತ್ತಿದ್ದ ಚರ್ಚಿನ ಹಿರಿಯ ಅವಳ ಜೊತೆ ಇನ್ನೊಬ್ಬಳನ್ನು ಕಂಡು ಹುಬ್ಬೇರಿಸಿದ. "ಮನೆಯವರಾ?"

"ಮನೆಯವರು," ಅಂದಳು ರೋಂಡಾ.

ಹೊರಗೆ ಬಿಸಿಲು ಕಣ್ಣು ಕುಕ್ಕಿತು. ಮುಂಬಾಗಿಲಿನಿಂದ ಶವದ ಗಾಡಿಯವರೆಗೆ ರೈತರು ಎರಡು ಸಾಲಾಗಿ, ಟೋಪಿ ಎದೆಗೊತ್ತಿ ನಿಂತಿದ್ದರು. ಅವರಾಚೆ ಕಾರುಗಳು ದೀಪ ಹಚ್ಚಿಕೊಂಡು ಒಂದರ ಬಾಲಕ್ಕೆ ಒಂದು ಸೇರಿದ್ದವು. ಅವುಗಳ ನಡುವೆ ದಪ್ಪ ಚಕ್ರದ ಗಾಡಿ ಮಿಸುಕಲಾರದೆ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ಅವನು, ಎರಡೂ ಕೈ ತುಂಬಿ, ತೋಳಿಗೆ ಆರ್ಲಿಸ್ ಅಂಟಿಕೊಂಡು.

ಅವನು ಕಪ್ಪು ಕೋಟಿನ ಕೆಳಗಿನ ಬಟ್ಟೆ ಬೂಟು ನೋಡಿದ.

"ಏಯ್! ಮಾರಿಸಾ!"

ಕಾಫಿ ಚೆಲ್ಲಿತು. ಅವನು ಸಾಲಿನತ್ತ ನುಗ್ಗಿದ. ಹೊತ್ತವರು ನಿಂತರು. ಪೆಟ್ಟಿಗೆ ಗಾಳಿಯಲ್ಲಿ ನಿಂತಿತು. ರೈತರ ಮುಖಗಳು ಒಂದೊಂದಾಗಿ ಅವನ ಕಡೆ ತಿರುಗಿದವು. ಹುಡುಗಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಸತ್ತವರ ಮುಂದೆ ಹಾದಿಗೆ ಅಡ್ಡ ಬರುವವನನ್ನು ಅವರು ಕಂಡಿರಲಿಲ್ಲ, ಅಷ್ಟೇ. ಸಾಲು ಒಂದು ಹೆಜ್ಜೆ ಒತ್ತಾಯಿತು. ಹೆಗಲಿಗೆ ಹೆಗಲು ತಾಗಿತು.

"ನಡೀರಿ," ಅಂದಳು ರೋಂಡಾ ಹೊತ್ತವರಿಗೆ. ಮಾರಿಸಾಳ ಕೈ ಹಿಡಿದು ಪೆಟ್ಟಿಗೆಯ ಹಿಂದೆ ಹೆಜ್ಜೆ ಹಾಕಿದಳು.

*

ಮಣ್ಣು ಹಾಕಿದ ಮೇಲೆ ರೋಂಡಾ ಊಟಕ್ಕೆ ಹಿಂದಿರುಗಲಿಲ್ಲ. ತನ್ನ ಕಾರಿನಲ್ಲಿ ಸ್ಮಶಾನದ ಹಿಂದಿನ ಮಣ್ಣುದಾರಿ ಹಿಡಿದು, ತಲೆಯಾಡಿಸುತ್ತ ಎಣ್ಣೆ ಎತ್ತುವ ಯಂತ್ರಗಳ ನಡುವೆ, ಹಿಂದೆ ತನ್ನನ್ನು ವರ್ನಾ ಕರೆದೊಯ್ದಿದ್ದ ನಗರದ ಆಶ್ರಯಮನೆಗೆ ಹುಡುಗಿಯನ್ನು ಕರೆದೊಯ್ದಳು. ದಾರಿಯುದ್ದ ಹಿಂದಿನ ಕನ್ನಡಿ ನೋಡಿದಳು. ಯಾರೂ ಬರಲಿಲ್ಲ. ಮಾರಿಸಾ ಬನ್ನಿನ ಪೊಟ್ಟಣ ಬಿಚ್ಚಿ ಒಂದು ತಾನು ತಿಂದು, ಒಂದನ್ನು ಕೇಳದೆಯೇ ಅವಳ ಕೈಗಿಟ್ಟಳು.

ಹಿಂದಿರುಗುವಾಗ ಹೊತ್ತು ಇಳಿದಿತ್ತು. ಚರ್ಚಿನ ಅಂಗಳ ಖಾಲಿ. ಏಪ್ರನ್ನು ಒಗೆದು ಮಡಚಿಟ್ಟು, ಯಾರಿಗೂ ಮುಖ ತೋರಿಸದೆ ಹೋಗಿಬಿಡಬೇಕು ಅಂದುಕೊಂಡು ರೋಂಡಾ ಪಕ್ಕದ ಬಾಗಿಲು ತಳ್ಳಿದಳು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ನೆಲ ಒರೆಸಿತ್ತು. ಹಂಡೆ ತೊಳೆದು ಮಗುಚಿತ್ತು. ಮನೆಮನೆಗೆ ಹೋಗಬೇಕಾಗಿದ್ದ ಪಾತ್ರೆಗಳು ಮಾತ್ರ ಹೋಗಿರಲಿಲ್ಲ.

ಉದ್ದನೆಯ ಮೇಜಿನ ಮೇಲೆ ಅವು ಬೋರಲಾಗಿ ಸಾಲುಗಟ್ಟಿದ್ದವು. ಮೊದಲನೆಯದು ವರ್ನಾಳದು. ಪಕ್ಕದಲ್ಲಿ ಐಯೋನಳ ನೀಲಿ ಪಾತ್ರೆ. ಆಮೇಲೆ ಆರ್ಲಿಸಳದು, ಹಬ್ಬಕ್ಕೆ ಮಾತ್ರ ಹೊರಬರುತ್ತಿದ್ದ ಹೂವಿನಂಚಿನದು. ಹಳೆಯ ಟೇಪು ಕಿತ್ತು ಹೊಸದು ಅಂಟಿಸಿತ್ತು. ಹೆಸರಿನ ಕೆಳಗೆ ಗೆರೆ ಇರಲಿಲ್ಲ. ಗೆರೆಯ ಜಾಗದಲ್ಲಿ, ಒತ್ತಿ ಬರೆದ ಅಕ್ಷರದಲ್ಲಿ: ವಾಪಸ್ ಬೇಕು. ಅವಸರ ಇಲ್ಲ.