ಇಳಿಯುತ್ತಿದ್ದ ಬ್ರೇಕ್ ಎಣ್ಣೆ

ಮಿಲಿಟರಿ ಆಸ್ಪತ್ರೆಯ ನರ್ಸಾಗಿ ನಿವೃತ್ತಳಾದ ಮಾಚಮ್ಮ ದೆಹಲಿಯ ದ್ವಾರಕಾದ ಹೌಸಿಂಗ್ ಸೊಸೈಟಿಯಲ್ಲಿ ತನ್ನ ಹಳೆಯ ಕಾರಿನ ಆರೈಕೆಯನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಪ್ರತಿ ಭಾನುವಾರ ಬಾನೆಟ್ ಎತ್ತಿ ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಎಣ್ಣೆ ನೋಡುವಳು. ಟೈರುಗಳ ಗಾಳಿ ಪರೀಕ್ಷಿಸುವಳು. ಜೊತೆಗಿದ್ದ ತಂಗಿಯ ಮಗ ಸಾಕೇತ್ ಮತ್ತು ಅವನ ಹೆಂಡತಿ ಪ್ರೇರಣಾ ಅದನ್ನು ಕಂಡು ನಗುತ್ತಿದ್ದರು.

ಚಳಿ ಶುರುವಾದ ಮೇಲೆ ಒಂದು ಭಾನುವಾರ ಬ್ರೇಕ್ ಎಣ್ಣೆ ಸ್ವಲ್ಪ ಇಳಿದಿತ್ತು. ತುಂಬಿಸಿದಳು. ಮರುವಾರ ಮತ್ತೆ ಇಳಿದಿತ್ತು. ನೆಲದ ಮೇಲೆ ಒಂದು ಹನಿಯೂ ಕಾಣಲಿಲ್ಲ. ಪೆಡಲ್ ತುಳಿದರೆ ಕಾಲು ಎಂದಿಗಿಂತ ಆಳಕ್ಕೆ ಹೋಗುತ್ತಿತ್ತು. ನಾಳೆ ಗ್ಯಾರೇಜಿನವರು ಒಯ್ಯುವವರೆಗೆ ಯಾರೂ ಕಾರು ಮುಟ್ಟಬಾರದೆಂದು ಮನೆಯಲ್ಲಿ ಹೇಳಿದಳು. ಸಾಕೇತ್ ಮೊಬೈಲಿನಿಂದ ಕಣ್ಣೆತ್ತದೆ ಅಚ್ಛಾ ಎಂದ.

ಮರುದಿನ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಮಾಚಮ್ಮ ಹಾಲು ತಂದು ಮರಳುವಾಗ ಕಾರು ಇರಲಿಲ್ಲ. ಕ್ಯಾಬ್ ಸಿಗದೆ ಇಬ್ಬರೂ ಅದರಲ್ಲೇ ಗುರುಗ್ರಾಮದ ಆಫೀಸಿಗೆ ಹೊರಟರೆಂದು ಗೇಟಿನ ಗಾರ್ಡ್ ಹೇಳಿದ. ಕಾರು ನಿಂತಿದ್ದ ಜಾಗದಲ್ಲಿ ನೆಲ ಒದ್ದೆಯಾಗಿತ್ತು. ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಿತು.

ಸಾಕೇತ್ ಫೋನ್ ಎತ್ತಲಿಲ್ಲ. ಪ್ರೇರಣಾ ಎತ್ತಿದಳು.

"ದೊಡ್ಡಮ್ಮ, ಹೈವೇ ಮೇಲಿದ್ದೀವಿ, ಕುಛ್ ದಿಖ್ ನಹೀ ರಹಾ, ಏನೂ ಕಾಣ್ತಿಲ್ಲ."

"ನಿಧಾನ ಮಾಡಲು ಹೇಳು. ಈಗಲೇ."

ಪ್ರೇರಣಾ ಅದನ್ನು ಸಾಕೇತನಿಗೆ ಹೇಳಿದ್ದು ಕೇಳಿಸಿತು. ಆಮೇಲೆ ಸಾಕೇತನ ತಗ್ಗಿದ ದನಿ ಕೇಳಿತು: "ಬ್ರೇಕ್ ಹಿಡೀತಿಲ್ಲ."

ಮಾಚಮ್ಮನ ದನಿ ವಾರ್ಡಿನಲ್ಲಿದ್ದಾಗಿನ ಹಾಗೆಯೇ ಇತ್ತು. "ಸ್ಪೀಕರ್ ಹಾಕು. ಸಾಕೇತ್, ಒಂದೊಂದೇ ಗೇರ್ ಇಳಿಸು. ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆ. ಎಡಕ್ಕೆ ಬಾ."

ಲೋಹ ಉಜ್ಜಿಕೊಂಡು ಹೋಗುವ ಸದ್ದು ಬಹಳ ಹೊತ್ತು ಕೇಳಿತು. ನಂತರ ಲಾರಿಗಳು ಹಾದುಹೋಗುವುದಷ್ಟೇ ಕೇಳುತ್ತಿತ್ತು. ಮಾಚಮ್ಮ ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಕೊನೆಗೆ ಪ್ರೇರಣಾ, ಗಾಡಿ ನಿಂತಿದೆ ಎಂದಳು.

ಮಾಚಮ್ಮ ಆಟೋ ಹಿಡಿದು ಅಲ್ಲಿಗೆ ತಲುಪಿದಾಗ ಕಾರಿನ ಎಡಮೈ ರಸ್ತೆಬದಿಯ ಕಂಬಿಗೆ ಉಜ್ಜಿ ಸುಲಿದಿತ್ತು, ಪ್ರೇರಣಾಳ ಹಣೆ ಊದಿತ್ತು. ಸಾಕೇತ್ ಇನ್ನೂ ಸ್ಟೀರಿಂಗ್ ಹಿಡಿದೇ ಕೂತಿದ್ದ. ಅವನ ಬೆರಳುಗಳನ್ನು ಮಾಚಮ್ಮನೇ ಒಂದೊಂದಾಗಿ ಬಿಡಿಸಬೇಕಾಯಿತು. ಕಾರಿನ ಮುಂದೆ ಒಂದು ಮಾರು ದೂರದಲ್ಲಿ, ಹಿಂದಿನ ದೀಪವೇ ಇಲ್ಲದ ಲಾರಿಯೊಂದು ಕೆಟ್ಟು ನಿಂತಿತ್ತು. ಹತ್ತಿರ ಹೋಗುವವರೆಗೆ ಅದು ಅವಳಿಗೂ ಕಂಡಿರಲಿಲ್ಲ.

ಮಧ್ಯಾಹ್ನ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿ, ಅದರ ಹಿಂದೆ ಸೀಳಿಹೋಗಿದ್ದ ಬ್ರೇಕ್ ಹೋಸನ್ನು, ಎಣ್ಣೆ ಸಾಗಿಸುವ ರಬ್ಬರ್ ಕೊಳವೆಯನ್ನು, ತೋರಿಸಿದರು. ತಾನು ಇಷ್ಟು ವರ್ಷ ಬಾನೆಟ್ಟಿನ ಕೆಳಗೆ ನೋಡಿದ್ದರೂ ಚಕ್ರದ ಹಿಂದೆ ಒಮ್ಮೆಯೂ ನೋಡಿರಲಿಲ್ಲವೆಂದು ಮಾಚಮ್ಮನಿಗೆ ಹೊಳೆಯಿತು. ಇನ್ನೊಂದು ಬದಿಯದನ್ನೂ ಬಿಚ್ಚಲು ಹೇಳಿದಳು. ಆ ಹೋಸನ್ನು ಬಗ್ಗಿಸಿದಾಗ ರಬ್ಬರಿನ ಮೇಲೆ ಸಣ್ಣ ಬಿರುಕುಗಳು ಬಾಯಿ ತೆರೆದವು.