ಸಣ್ಣತಾಯಮ್ಮನ ಹೊಗೆಸೊಪ್ಪು

"ಅದನ್ನ ಎಲೆಯಿಂದ ತೆಗಿ," ಎಂದರು ಪುಟ್ಟಸ್ವಾಮಿ.

ಬಗ್ಗಿ ಪಾಯಸ ಬಡಿಸುತ್ತಿದ್ದ ಸೊಸೆ ರಂಜಿತ ಸೌಟು ಹಿಡಿದು ಹಾಗೇ ನಿಂತಳು. ಮಹಾಲಯ ಅಮಾವಾಸ್ಯೆಯ ಎಡೆ. ಬಾಳೆಎಲೆಯ ಮೇಲೆ ಕಜ್ಜಾಯ, ವಡೆ, ಹುರುಳಿಕಾಳಿನ ಪಲ್ಯ. ಪಕ್ಕದ ಮಣೆಯ ಮೇಲೆ ಮಡಿಸಿಟ್ಟ ಹೊಸ ಸೀರೆ. ಗೋಡೆಗೆ ಒರಗಿಸಿದ್ದ ವರಲಕ್ಷ್ಮಮ್ಮನ ಫೋಟೋ. ಹೆಂಡತಿ ಹೋದ ಮೇಲೆ ಪುಟ್ಟಸ್ವಾಮಿ ಆಕೆಗೆ ಇಡಿಸುತ್ತಿದ್ದ ಮೊದಲನೆಯ ಎಡೆ ಅದು. ಅವರ ಬೆರಳು ತೋರಿಸುತ್ತಿದ್ದದ್ದು ಎಲೆಯ ತುದಿಯಲ್ಲಿದ್ದ ವೀಳ್ಯವನ್ನು. ವೀಳ್ಯದ ಮೇಲೆ ಒಂದು ಚೂರು ಹೊಗೆಸೊಪ್ಪಿತ್ತು.

"ಚಿಕ್ಕತ್ತೆ ಇಟ್ಟಿದ್ದು ಮಾವ," ಎಂದಳು ರಂಜಿತ, ತಪ್ಪು ತನ್ನದಲ್ಲವೆಂಬಂತೆ.

ಚಿಕ್ಕತ್ತೆ ಎಂದರೆ ಮಾಯಮ್ಮ, ವರಲಕ್ಷ್ಮಮ್ಮನ ತಂಗಿ. ಶೀಳನೆರೆಯಿಂದ ಬೆಳಗಿನ ಬಸ್ಸಿಗೇ ಬೆಳಗೊಳಕ್ಕೆ ಬಂದಿಳಿದವಳು. ಬಂದವಳೇ ಸೆರಗು ಸಿಕ್ಕಿಸಿ ಅಡಿಗೆಮನೆ ಹೊಕ್ಕಿದ್ದಳು.

"ಯಾಕ್ ತೆಗೀಬೇಕು ಭಾವ? ಅಕ್ಕಂಗೆ ಇಷ್ಟವಾದದ್ದ ಮಡಗ್ದೆ ನಂಗಿಷ್ಟವಾದದ್ದ ಮಡಗ್ಲಾ?"

"ನಿಮ್ಮಕ್ಕ ಹೊಗೆಸೊಪ್ಪು ಮುಟ್ಟಿದೋಳಲ್ಲ. ಅದನ್ನ ಹಾಕೋಳು ಸಣ್ಣತಾಯಮ್ಮ. ನಾನು ಬರೆಯೋ ಕತೆಯೋಳು. ಕತೆ ಬೇರೆ, ಮನೆ ಬೇರೆ ಕಣಮ್ಮ."

ಮಾಯಮ್ಮ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಎಲೆಯ ಸುತ್ತ ಧೂಪ ತೋರಿಸಿಯೇ ಬಿಟ್ಟಳು. ಧೂಪ ತೋರಿಸಿದ ಎಡೆಯನ್ನು ಮತ್ತೆ ಮುಟ್ಟುವ ಹಾಗಿಲ್ಲ. ಅದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಪುಟ್ಟಸ್ವಾಮಿಗೆ. ಮುಂದಕ್ಕೆ ಚಾಚಿದ ಕೈಯನ್ನು ಅವರು ಹಿಂದಕ್ಕೆ ಎಳೆದುಕೊಂಡರು. ಅಡ್ಡಬಿದ್ದು ಎದ್ದಾಗ ಬಾಯಲ್ಲಿ ದೇವರ ಹೆಸರಿತ್ತು, ಕಣ್ಣು ಮಾತ್ರ ಹೊಗೆಸೊಪ್ಪಿನ ಮೇಲೇ ಇತ್ತು.

ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದು ಕೂತರು. ಹಿರಿಯರು ಬಂದು ಉಣ್ಣುವ ಹೊತ್ತಿನಲ್ಲಿ ಬದುಕಿರುವವರ ಕಣ್ಣು ಬೀಳಬಾರದು. ಒಂದಷ್ಟು ಹೊತ್ತು ಕಳೆದ ಮೇಲೆ ಮನೆಯ ಯಜಮಾನ ಕೆಮ್ಮಿ, ಕದ ತಟ್ಟಿ, ಬಾಗಿಲು ತೆಗೆಯಬೇಕು. ಉಳಿದವರ ಊಟ ಆಮೇಲೆ.

ಊಟಕ್ಕೆ ಕರೆದಿದ್ದ ಪಕ್ಕದ ಮನೆಯ ದೇವಯ್ಯ ಆಗಲೇ ಕಂಬಕ್ಕೆ ಒರಗಿ ಕೂತಿದ್ದ. ಪುಟ್ಟಸ್ವಾಮಿಯ ವಾರಿಗೆಯವನು, ಒಟ್ಟಿಗೆ ದನ ಮೇಯಿಸಿದವನು.

"ಲೇ ಪುಟ್ಸಾಮಿ, ಆ ಸಣ್ಣತಾಯಮ್ಮನ ಅಸ ಸಿಕ್ತೇನ್ಲಾ?"

"ಇವತ್ತು ಆ ಮಾತು ಬೇಡ ಕಣ್ಲಾ."

"ಯಾಕ್ ಬ್ಯಾಡ? ವಾರದಿಂದ ಒದ್ದಾಡ್ತಾವ್ನಿ. ಗಬ್ಬದ ಅಸ, ಆ ಕಲ್ಲುಗುಡ್ಡದಲ್ಲಿ ಎಲ್ಲಿ ಈದ್ಬುಟ್ಟದೋ! ಡೈರೀಲಿ ಎಲ್ರೂ ಅದ್ನೇ ಮಾತಾಡ್ತಾವ್ರೆ."

"ಅಂಥ ಹಸುವೂ ಇಲ್ಲ, ಅಂಥ ಹೆಂಗಸೂ ಇಲ್ಲ. ನಾನು ಕೂತ್ಕೊಂಡು ಬರೆದಿದ್ದು!"

"ಇಲ್ಲ ಅಂದ್ರೆ ಎಂಗ್ಲಾ? ಓದ್ವಾರ ಒಲ ಮಾರಾಕಿಲ್ಲ ಅಂತ ಮೈದುನನ ಮಕಕ್ಕೆ ಉಗ್ದವ್ಳೆ!" ಎಂದು ದೇವಯ್ಯ ತೊಡೆ ತಟ್ಟಿಕೊಂಡು ನಕ್ಕ.

ಪುಟ್ಟಸ್ವಾಮಿ ಮುಖ ತಿರುಗಿಸಿದರು. ವರಲಕ್ಷ್ಮಮ್ಮ ತೀರಿಕೊಂಡಾಗ ಇದೇ ದೇವಯ್ಯ ಹೆಗಲು ಕೊಟ್ಟಿದ್ದ. ಈಗ ಅವನ ಬಾಯಲ್ಲಿ ಅವಳ ಹೆಸರು ಬರುವುದೇ ಇಲ್ಲ. ಅವನೊಬ್ಬನೇ ಅಲ್ಲ. ರಂಗನಾಥಸ್ವಾಮಿ ದರ್ಶನಕ್ಕೆಂದು ಶ್ರೀರಂಗಪಟ್ಟಣಕ್ಕೆ ಹೋದರೆ ಅಲ್ಲಿಯ ಹೂವಾಡಗಿತ್ತಿ ಕೇಳುವುದೂ ಸಣ್ಣತಾಯಮ್ಮನನ್ನೇ.

ಊರಿನ ಹಾಲಿನ ಡೈರಿಯ ಕಾರ್ಯದರ್ಶಿಯಾಗಿ ನಿವೃತ್ತರಾದ ಪುಟ್ಟಸ್ವಾಮಿ ಕತೆ ಬರೆಯಲು ಕೂತದ್ದು ಹೆಸರಿಗಲ್ಲ. ಹೆಂಡತಿ ಹೋದ ಮೇಲೆ ಅವಳ ಮಾತುಗಳು ಒಂದೊಂದಾಗಿ ಮರೆತುಹೋಗುತ್ತಿರುವುದು ಅರಿವಾಗಿ ಅವರಿಗೆ ದಿಗಿಲಾಗಿತ್ತು. ಅವಳು ಬೆಕ್ಕಿಗೆ ದೊರೆ ಅನ್ನುತ್ತಿದ್ದದ್ದು, ಉಕ್ಕುವ ಹಾಲನ್ನು ಎಳೆಮಗುವಿನಂತೆ ಗದರುತ್ತಿದ್ದದ್ದು, ಎಲ್ಲವನ್ನೂ ಎಲ್ಲಾದರೂ ಇಟ್ಟು ಉಳಿಸಿಕೊಳ್ಳಬೇಕೆನಿಸಿತ್ತು. ಹೆಂಡತಿಯನ್ನು ಹೆಸರು ಹಿಡಿದು ಬರೆಯಲು ಸಂಕೋಚ. ಆದ್ದರಿಂದ ಸಣ್ಣತಾಯಮ್ಮ ಎಂಬ ಒಬ್ಬಳನ್ನು ಕಟ್ಟಿದರು. ಅವಳ ಊರನ್ನು ನೀರಿಲ್ಲದ ನಾಗಮಂಗಲದ ಕಡೆ ಇಟ್ಟರು. ಓದಿದವರು ಇದು ವರಲಕ್ಷ್ಮಮ್ಮನೇ ಎನ್ನಬಾರದೆಂದು, ಹೆಂಡತಿಗೆ ಎಂದೂ ಇರದಿದ್ದ ಒಂದು ಚಟವನ್ನೂ ಅಂಟಿಸಿದರು. ಸೊಂಟದ ಚೀಲದಲ್ಲಿ ಸದಾ ಹೊಗೆಸೊಪ್ಪು. ಮಂಡ್ಯದ ಒಂದು ವಾರಪತ್ರಿಕೆಯವರು ಅದನ್ನು ವಾರವಾರ ಅಚ್ಚು ಹಾಕತೊಡಗಿದರು.

ಮೊದಮೊದಲು ಹಿತವಾಗಿಯೇ ಇತ್ತು. ಬರುಬರುತ್ತ ಸಣ್ಣತಾಯಮ್ಮ ಅವರ ಮಾತು ಕೇಳದಾದಳು. ಅಳಲಿ ಎಂದು ಕೂರಿಸಿದರೆ ಎದ್ದು ಜಗಳಕ್ಕೆ ಹೋಗುತ್ತಿದ್ದಳು. ಅದನ್ನಾದರೂ ಸಹಿಸಬಹುದಿತ್ತು. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನಿಗೆ ದಬಾಯಿಸಿ ಮುದುಕಿಯೊಬ್ಬಳಿಗೆ ಸೀಟು ಕೊಡಿಸಿದ್ದು ವರಲಕ್ಷ್ಮಮ್ಮನೋ ಸಣ್ಣತಾಯಮ್ಮನೋ ಎಂದು ಒಂದು ದಿನ ಪೂಜೆಗೆ ಕೂತಾಗ ಯೋಚನೆ ಬಂತು. ಎಷ್ಟು ನೆನೆದರೂ ತೀರ್ಮಾನವಾಗಲಿಲ್ಲ. ಅಂದು ಗಂಟೆ ಬಾರಿಸುವುದನ್ನೇ ಮರೆತರು. ಉಳಿಸಿಕೊಳ್ಳಲೆಂದು ಕಟ್ಟಿದವಳೇ ಉಳಿದಿದ್ದಷ್ಟನ್ನೂ ತಿನ್ನುತ್ತಿದ್ದಳು. ಈಗ ಎಡೆಯ ಎಲೆಗೂ ಬಂದಳು.

"ಮಾಯಮ್ಮ," ಎಂದರು, ತಡೆಯಲಾರದೆ. "ಬೇರೆಯೋರು ಅಂದ್ರೆ ಹೋಗ್ಲಿ. ನೀನು ಒಡಹುಟ್ಟಿದೋಳು. ನಿನಗೂ ಅಕ್ಕ ಮರೆತುಹೋದ್ಳಾ? ಪೇಪರಿನಲ್ಲಿ ಓದಿದ್ದನ್ನ ತಂದು ಅವಳೆಲೆಗೆ ಇಟ್ಟೆಯಲ್ಲ!"

"ನಂಗೆಲ್ಲಿ ಓದಕ್ ಬತ್ತದೆ ಭಾವ? ಮಗಳು ಓದ್ತಾಳೆ, ಕೇಳ್ತೀನಿ." ಮಾಯಮ್ಮ ಮೊಣಕಾಲು ತಬ್ಬಿಕೊಂಡಳು. "ಒಗೆಸೊಪ್ಪು ಅಂತ ಓದ್ದಾಗ, ಅಯ್ಯೋ, ಭಾವಂಗೂ ಗೊತ್ತಿತ್ತಾ ಅಂದ್ಕಂಡೆ. ಗೊತ್ತಿದ್ದೂ ಸುಮ್ಕಿದ್ರಲ್ಲಾ, ಎಷ್ಟ್ ದೊಡ್ ಮನ್ಸು ಅಂತ ಕಣ್ಣೀರ್ ಬಂತು."

"ಏನು ಗೊತ್ತಿತ್ತು?"

"ಅಕ್ಕ ಆಕ್ತಿದ್ದುದ್ದು."

"ಸುಳ್ಳು."

"ಎಡೆ ಮಡಗಿರೋ ವತ್ನಲ್ಲಿ ಸುಳ್ ಏಳ್ತೀನಾ? ಇತ್ಲಲ್ಲಿ, ನಾಲೆ ತಾವು ಬಟ್ಟೆ ಒಗೆಯೋ ಕಲ್ಲದಲ್ಲ, ಅಲ್ಲಿ ಕೂತ್ಕಂಡು ಕಾಲ ನೀರಿಗೆ ಬುಟ್ಕಂಡು ಆಕೋಳು. ನಂಗೂ ಒಂಚೂರು ಕೊಡೋಳು. ನಿಮ್ ಸೈಕಲ್ ಬೆಲ್ಲು ಕೇಳ್ತಿದ್ದಂಗೆ ಉಗ್ದು, ಬಾಯ್ ಮುಕ್ಕಳಿಸಿ, ಬಾಯ್ಗೊಂದಿಷ್ಟು ತುಳಸಿ ಎಲೆ ಆಕ್ಕಂಡು ಒಳೀಕ್ ಓಡೋಳು. ನೀವು ಮನೇಲಿದ್ರೆ ಕೈಲೂ ಮುಟ್ತಿರ್ನಿಲ್ಲ."



ಇದೂ ಕತೆಯ ಗುಂಗೇ ಇರಬೇಕೆಂದು ಪುಟ್ಟಸ್ವಾಮಿ ಹಟದಿಂದ ಹುಡುಕಿದರು. ಬರೆದ ಒಂದೊಂದು ಕಂತನ್ನೂ ಮನಸ್ಸಿನಲ್ಲೇ ತಿರುವಿ ಹಾಕಿದರು. ಸಣ್ಣತಾಯಮ್ಮನ ಊರಿನಲ್ಲಿ ನಾಲೆಯೇ ಇಲ್ಲ. ಒಂದು ಕೊಡ ನೀರಿಗೆ ಮೈಲಿ ನಡೆಯುವ ಊರು ಅದು. ಸೈಕಲ್ಲಿನಲ್ಲಿ ಬರುವ ಗಂಡನೂ ಅವಳಿಗಿಲ್ಲ. ತುಳಸಿಯ ಮಾತನ್ನಂತೂ ಅವರು ಯಾರೊಂದಿಗೂ ಆಡಿದವರಲ್ಲ. ಸಂಜೆ ಡೈರಿಯಿಂದ ಬಂದಾಗ ನೀರಿನ ಚೊಂಬು ಕೊಡುತ್ತ ಹತ್ತಿರ ನಿಲ್ಲುವ ಹೆಂಡತಿಯ ಉಸಿರಿನಲ್ಲಿ ತುಳಸಿಯ ವಾಸನೆ. ಎಂಥ ಭಕ್ತೆಯನ್ನು ದೇವರು ತನಗೆ ಕೊಟ್ಟ ಎಂದು ಅವರು ಎಷ್ಟೋ ಸಂಜೆ ಕೈಮುಗಿದಿದ್ದರು. ಅದನ್ನು ಬರೆಯಬಾರದು, ಅದೊಂದು ತನಗೇ ಇರಲಿ ಎಂದು ಬಚ್ಚಿಟ್ಟುಕೊಂಡಿದ್ದರು.

"ನನಗೆ ಯಾಕೆ ಹೇಳಲಿಲ್ಲ ಅವಳು?" ದನಿ ಅವರು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು.

"ಏಳಿದ್ರೆ ಸುಮ್ಕಿರ್ತಿದ್ರಾ ಭಾವ? ಒಗೆಸೊಪ್ಪು ಆಕಳೋ ಬಾಯಿ ದೇವ್ರ ಎಸ್ರಿಗೆ ಆಗಾಕಿಲ್ಲ ಅಂತ ನಮ್ಮವ್ವನ್ನೇ ಅಂದ್ಬುಟ್ಟಿದ್ರಿ."

ಅದು ನಿಜ. ಅಂದಿದ್ದರು. ಇಷ್ಟು ವರ್ಷ ಒಂದೇ ಸೂರಿನಡಿ ಉಂಡು ಮಲಗಿ, ಕೊನೆಗೆ ಅವಳನ್ನು ಕಂಡುಕೊಂಡದ್ದು ತಾನು ಸುಳ್ಳೆಂದು ಬರೆದ ಒಂದೇ ಒಂದು ಸಂಗತಿಯಲ್ಲಿ. ಯಾರ ಮೇಲೆ ಸಿಟ್ಟಾಗಬೇಕೆಂದೇ ಅವರಿಗೆ ತಿಳಿಯದಾಯಿತು. ಮಾಯಮ್ಮನ ಮೇಲೆ ಆಗಿ ಪ್ರಯೋಜನವಿಲ್ಲ. ಯಾರ ಮೇಲೆ ಆಗಬೇಕಿತ್ತೋ ಅವಳು ಕದದ ಆಚೆ, ಎಡೆಯ ಮುಂದೆ ಇದ್ದಳು.

"ಲೇ, ಒಟ್ಟೆ ಅಸೀತದೆ ಕಣ್ಲಾ, ಕೆಮ್ಮು," ಎಂದ ದೇವಯ್ಯ ಮೆಲ್ಲಗೆ.

ಪುಟ್ಟಸ್ವಾಮಿ ಎದ್ದು ಬಾಗಿಲ ಬಳಿಗೆ ಹೋದರು. ತಟ್ಟಲೆಂದು ಕೈ ಎತ್ತಿದರು. ಒಳಗೆ ಸದ್ದಿಲ್ಲ, ಕದದ ಸಂದಿಯಿಂದ ಸಾಂಬ್ರಾಣಿಯ ಹೊಗೆ ಎಳೆಯಾಗಿ ಬರುತ್ತಿತ್ತು. ಗಂಟಲಿಗೆ ಬಂದ ಕೆಮ್ಮನ್ನು ನುಂಗಿಕೊಂಡು ಎತ್ತಿದ ಕೈಯನ್ನು ಇಳಿಸಿದರು. ಜಗಲಿಯ ಮೆಟ್ಟಿಲಿಳಿದು, ಚಪ್ಪಲಿಯನ್ನೂ ಮೆಟ್ಟದೆ, ಹಿತ್ತಲಿನ ಕಡೆ ತಿರುಗದೆ, ಎದುರಿನ ರಸ್ತೆಗೆ ನಡೆದರು.

"ಮಾವ, ಬಾಗಿಲು?" ಎಂದು ರಂಜಿತ ಕೂಗಿದಳು.

"ಇರ್ಲಿ. ನಾನು ಮನೇಲಿದ್ರೆ ಅವಳು ಮುಟ್ಟಲ್ಲ. ಇನ್ನೂ ಒಂದಷ್ಟು ಹೊತ್ತು ಮುಚ್ಚೇ ಇರ್ಲಿ."

ರಸ್ತೆಯಾಚೆ ಅರಳಿಕಟ್ಟೆಯಲ್ಲಿ ಯಾರೂ ಇರಲಿಲ್ಲ. ಕಟ್ಟೆಯ ಆ ಬದಿಗೆ ಹೋಗಿ, ಗದ್ದೆಗಳ ಕಡೆ ಮುಖ ಮಾಡಿ, ಮನೆಗೆ ಬೆನ್ನು ಹಾಕಿ ಕೂತರು.