ಕೆಗ್ಗಿನ ಪಾಲಿಗೆ ಹೋದ ಹೊಗಳಿಕೆ

ಹನ್ನೊಂದು ವರ್ಷಗಳ ಹಿಂದೆ, ಮಂಗಳೂರಿನ ಕುಲಶೇಖರದ ಒಂದು ಅಡುಗೆಮನೆಯಲ್ಲಿ, ವಲೇರಿಯನ್ ಕ್ಯಾಸ್ತೆಲಿನೊ ನನ್ನ ಕುತ್ತಿಗೆ ಹಿಡಿದುಕೊಂಡೇ ಹೆಂಡತಿಗೆ ಮಾತು ಕೊಟ್ಟ.

"ಸೆವ್ರಿನ್, ನಮ್ಮ ವೆನಿಟಾಳ ರೋಸ್ ದಿನ ಎಲ್ಲರಿಗೂ ನಿನ್ನ ಬಿಯರನ್ನೇ ಕೊಡುವ. ಎಲ್ಲರ ಎದುರು ಗ್ಲಾಸ್ ಎತ್ತಿ ನಿನ್ನ ಹೆಸರು ಹೇಳ್ತೇನೆ. ಇದು ನನ್ನ ಮಾತು."

ರೋಸ್ ಎಂದರೆ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಅವರ ಮಗಳು ವೆನಿಟಾ ಆಗ ಒಂಬತ್ತನೇ ಕ್ಲಾಸು. ಸೆವ್ರಿನ್ ನಕ್ಕರು. ಆದರೆ ಅವರು ಆ ಮಾತನ್ನು ಮರೆಯಲಿಲ್ಲ. ನನಗೆ ಹೇಗೆ ಗೊತ್ತು ಅಂದರೆ, ಪ್ರತಿ ಸಲ ನನ್ನನ್ನು ತೊಳೆಯುವಾಗ ಅವರು ತಮ್ಮಷ್ಟಕ್ಕೇ ಅದನ್ನು ಹೇಳಿಕೊಳ್ಳುತ್ತಿದ್ದರು.

ನಾನು ಒಂದು ಕಂದು ಗಾಜಿನ ಬಾಟಲಿ. ಮರಳು, ಸೋಡಾ, ಸುಣ್ಣ ಸೇರಿ ಕುಲುಮೆಯಲ್ಲಿ ಬೆಂದು ಹುಟ್ಟಿದವನು. ಕಂದು ಬಣ್ಣ ಅಂದಕ್ಕಲ್ಲ, ಬಿಸಿಲು ತಾಗಿದರೆ ಬಿಯರಿನ ಪರಿಮಳ ಕೆಡುತ್ತದೆ, ಅದಕ್ಕೆ. ಒಂದು ಬಾರಿನಲ್ಲಿ ನನ್ನನ್ನು ಬರಿದು ಮಾಡಿ ಬೆಂಚಿನ ಅಡಿಗೆ ಒದ್ದರು. ಅಲ್ಲಿಂದ ಗುಜರಿ ಅಂಗಡಿಗೆ ಹೋದೆ. ಗೋಣಿಯೊಳಗೆ ಕೈಹಾಕಿ, ಬಾಯಿ ಒಡೆಯದ ನಲ್ವತ್ತು ಬಾಟಲಿಗಳನ್ನು ಒಂದೊಂದಾಗಿ ಬೆರಳಾಡಿಸಿ ಆರಿಸಿದವರು ಸೆವ್ರಿನ್. ಆ ನಲ್ವತ್ತರಲ್ಲಿ ನಾನೂ ಒಬ್ಬ.

ವಲೇರಿಯನ್ ಹಡಗಿನ ಇಂಜಿನ್ ರೂಮಿನಲ್ಲಿದ್ದ. ಯಾವುದೋ ಬಂದರಿನಲ್ಲಿ ಒಳ್ಳೆಯ ಬಿಯರ್ ಕುಡಿದು, ಅದಕ್ಕೆ ಹಾಕುವ ಹಾಪ್ಸ್ ಎಂಬ ಒಣಹೂವಿನ ಪೊಟ್ಟಣ ತಂದು ಮೇಜಿನ ಮೇಲೆ ಎಸೆದ. ಅವನ ಕೆಲಸ ಅಲ್ಲಿಗೆ ಮುಗಿಯಿತು. ಮಾಲ್ಟ್ ಎಂಬ ಮೊಳಕೆ ಬಾರ್ಲಿ ಬೇಯಿಸಿದ್ದು, ಹದ ಕಂಡದ್ದು, ಎರಡು ಸಲ ಹುಳಿಯಾಗಿ ಕೆಟ್ಟದ್ದನ್ನು ಚರಂಡಿಗೆ ಚೆಲ್ಲಿ ಮೂರನೇ ಸಲ ಗೆದ್ದದ್ದು ಎಲ್ಲವೂ ಸೆವ್ರಿನ್. ಅದೂ ಆಸ್ಪತ್ರೆಯ ನರ್ಸ್ ಕೆಲಸ ಮುಗಿಸಿ, ಅನ್ನಕ್ಕಿಟ್ಟು, ಮಗಳ ಲೆಕ್ಕದ ಪುಸ್ತಕ ನೋಡಿದ ಮೇಲೆ.

ಅವರ ಬಿಯರಿಗೆ ಕಾಟುಮಾವಿನ ಸೊನೆಯ ಪರಿಮಳ, ಹಿಂದಿನಿಂದ ಮೋಸಂಬಿ ಸಿಪ್ಪೆಯ ಕಹಿ. ಅದು ಹಾಪ್ಸಿನದು. ಗಾಳಿ ಅದರ ವೈರಿ. ಸೆವ್ರಿನ್ ಕೊಳವೆಯನ್ನು ನನ್ನ ತಳಕ್ಕೆ ಮುಟ್ಟಿಸಿ, ಗುಳುಗುಳು ಸದ್ದಾಗದ ಹಾಗೆ ತುಂಬುತ್ತಿದ್ದರು. ನೊರೆ ಬಾಯಿಯವರೆಗೆ ಉಕ್ಕುವುದನ್ನು ಕಾದು, ನೊರೆಯ ಮೇಲೆಯೇ ಬಿರಡೆ ಒತ್ತುತ್ತಿದ್ದರು. ಒಳಗೆ ಉಳಿದ ಚೂರು ಗಾಳಿಯನ್ನು ಬದುಕಿದ್ದ ಯೀಸ್ಟ್ ತಿಂದುಹಾಕುತ್ತಿತ್ತು. ಹಾಗಿದ್ದರೂ ಗ್ಯಾಸ್ ಕಟ್ಟುವವರೆಗೆ ನಾವು ಮಂಚದಡಿ ಎರಡು ವಾರ ಮಂಗಳೂರಿನ ಸೆಕೆಯಲ್ಲಿ ಬೇಯಬೇಕಿತ್ತು. ಪರಿಮಳ ಸ್ವಲ್ಪ ಇಳಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ.

ವಲೇರಿಯನ್ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಅದನ್ನೇ ಹಿಡಿದುಕೊಂಡ. "ಬಾಟಲಿಯೇ ದಂಡ ಮಾರಾಯ್ತಿ. ಎಲ್ಲ ಪರಿಮಳ ನುಂಗ್ತದೆ." ನಾನು ನುಂಗುತ್ತೇನೆಯೇ? ಎಲ್ಲಿ? ನನಗಿರುವುದು ಒಂದೇ ಹೊಟ್ಟೆ, ಅದರಲ್ಲಿದ್ದುದನ್ನೆಲ್ಲ ಇವನೇ ಕುಡಿದಿದ್ದಾನೆ!

ಮಗಳ ಮದುವೆ ನಿಶ್ಚಯವಾದಾಗ ಅವನು ಒಂದು ಸ್ಟೀಲ್ ಕೆಗ್ ತಂದ. ಹತ್ತೊಂಬತ್ತು ಲೀಟರಿನ ಪೀಪಾಯಿ, ಮೇಲೆ ಮುಚ್ಚಳ, ಪಕ್ಕದಲ್ಲಿ ಸೋಡಾ ಗ್ಯಾಸಿನ ಸಿಲಿಂಡರ್. ಕೆಗ್ಗಿನ ಮೇಲೆ ನನಗೆ ಸಿಟ್ಟಿಲ್ಲ. ಒಳಗಿನ ಗಾಳಿಯನ್ನು ಗ್ಯಾಸಿನಿಂದ ಹೊರಗೆ ನೂಕಿ, ಮುಚ್ಚಳ ಬಿಗಿದು, ಕೂಡಲೇ ತಣ್ಣಗಿಟ್ಟರೆ ಹಾಪ್ಸಿನ ಪರಿಮಳವನ್ನು ಅದು ನನಗಿಂತ ಚೆನ್ನಾಗಿ ಕಾಯುತ್ತದೆ. ಸೆವ್ರಿನ್‌ಗೂ ಅದು ಗೊತ್ತಿತ್ತು. ಕೆಗ್ ತುಂಬಿಸಿ ಫ್ರಿಜ್ಜಿನಲ್ಲಿಟ್ಟು ಒಂದೇ ಮಾತು ಹೇಳಿದರು: "ರೋಸ್‌ವರೆಗೆ ಮುಚ್ಚಳ ಮುಟ್ಬೇಡ." ಮಿಕ್ಕಿದ ಬಿಯರನ್ನು ನಮ್ಮಲ್ಲಿ ಒಂಬತ್ತು ಮಂದಿಗೆ ತುಂಬಿ, ಗ್ಯಾಸ್ ಕಟ್ಟಿದ ಮೇಲೆ ಅದೇ ಫ್ರಿಜ್ಜಿನ ತಳದಲ್ಲಿ ಮಲಗಿಸಿದರು.

ಮದುವೆ ಮನೆ ಅಂದರೆ ನೆಂಟರು ಬರುತ್ತಾರೆ. ಬಂದವರಿಗೆ ಸೀರೆ ತೋರಿಸುವುದು, ಚಿನ್ನ ತೋರಿಸುವುದು ವಾಡಿಕೆ. ಇವನು ಕೆಗ್ ತೋರಿಸಿದ. ತೋರಿಸಿದ್ದು ಸಾಲದೆ ಮೂಸಿಸಿದ! ನಾವು ಕೆಳಗಿನಿಂದ ಎಲ್ಲ ನೋಡುತ್ತಿದ್ದೆವು. ಗ್ಯಾಸ್ ಟುಸ್ಸೆಂದು ಬಿಡುವುದು, ಮುಚ್ಚಳ ಎತ್ತುವುದು, ಮಾವ, ಚಿಕ್ಕಪ್ಪ, ಇಗರ್ಜಿ ವಾರ್ಡಿನ ಮುಖಂಡ ಗುರ್ಕಾರ, ಒಬ್ಬೊಬ್ಬರೇ ಮೂಗು ಇಳಿಸುವುದು.

"ಬನ್ನಿ ಬಂಗೇರರೇ, ಮೂಸಿ ನೋಡಿ ಒಮ್ಮೆ." ಪಕ್ಕದ ಮನೆಯ ಪದ್ಮನಾಭ ಬಂಗೇರರು ಎರಡು ಸಲ ಮೂಸಿದರು.

ಸೆವ್ರಿನ್ ಡ್ಯೂಟಿಯಿಂದ ಬಂದವರು ನೋಡಿಬಿಟ್ಟರು. "ಎಂತ ಮಾಡ್ತಿದ್ದಿ ನೀನು? ಗಾಳಿ ಹೋಗ್ತದೆ ಒಳಗೆ!"

"ಇಷ್ಟು ದೊಡ್ಡ ಕೆಗ್ಗಿಗೆ ಒಂದು ಮೂಸಿದ್ರೆ ಎಂತ ಆಗ್ತದೆ? ನೀನೊಂದು ಹೆದರುಪುಕ್ಕಲಿ."

ಒಂದಲ್ಲ. ಆ ವಾರ ಹದಿನಾಲ್ಕು ಮೂಗುಗಳು ಇಳಿದವು. ಪರಿಮಳದ ಜಂಭ ಕೊಚ್ಚಲು ಹೋಗಿ ಪರಿಮಳವನ್ನೇ ಕೊಂದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ರೋಸಿನ ಸಂಜೆ ಅಂಗಳದ ಚಪ್ಪರದಲ್ಲಿ ಕೆಗ್ಗಿನ ನಲ್ಲಿ ತಿರುಗಿಸಿದರು. ಹೊನ್ನಿನ ಬಣ್ಣವಿದ್ದದ್ದು ಚಹಾದ ಗಸಿಯ ಹಾಗೆ ಕಪ್ಪಿಟ್ಟಿತ್ತು. ಬಂಗೇರರು ಒಂದು ಗುಟುಕು ಕುಡಿದು ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿದರು.

"ವಲೇರಿಯನ್ ಬಾಬ್, ಇದು ಬಿಯರಾ, ಒದ್ದೆ ರಟ್ಟಿನ ಕಷಾಯವಾ?"

ಚಪ್ಪರವೆಲ್ಲ ನಕ್ಕಿತು. ವಲೇರಿಯನ್ ಮೋರೆ ಸುಟ್ಟ ಬದನೆಯಂತಾಯಿತು. ಮಗಳ ತಲೆಗೆ ಹಾಲು ಹಚ್ಚುತ್ತಿದ್ದ ಸೆವ್ರಿನ್ ಎದ್ದು ಒಳಗೆ ಬಂದರು. ತೆಂಗಿನ ಹಾಲಿನ ಕೈಯಲ್ಲೇ ನಮ್ಮನ್ನು ಎತ್ತಿ, ಬಿರಡೆ ತೆಗೆದು, ತಳದ ಗಸಿ ಏಳದ ಹಾಗೆ ಸಣ್ಣ ಗ್ಲಾಸುಗಳಿಗೆ ಬಗ್ಗಿಸಿದರು. ಕಾಟುಮಾವಿನ ಸೊನೆ ಅಡುಗೆಮನೆಯನ್ನೆಲ್ಲ ತುಂಬಿತು. ಅವರು ಕಣ್ಣು ಮುಚ್ಚಿ ಒಮ್ಮೆ ಮೂಸಿದರು. ನನ್ನ ಬದುಕಿನಲ್ಲಿ ನನಗೆ ಹೆಮ್ಮೆಯೆನಿಸಿದ ಕ್ಷಣ ಅದೊಂದೇ.

ಟ್ರೇ ಚಪ್ಪರಕ್ಕೆ ಹೋಯಿತು. ಖಾಲಿಯಾದ ನನ್ನನ್ನೂ ಅದರ ಮೂಲೆಯಲ್ಲಿ ಇಟ್ಟುಕೊಂಡಿದ್ದರು. ಜನ ಕುಡಿದರು, ತುಟಿ ಚಪ್ಪರಿಸಿದರು. "ಹಾಂ! ಇದು ನೋಡಿ ಬಿಯರ್ ಅಂದ್ರೆ," ಅಂದರು ಬಂಗೇರರು.

ವಲೇರಿಯನ್ ಎದ್ದುನಿಂತ. ಗ್ಲಾಸ್ ಎತ್ತಿದ. ಸೆವ್ರಿನ್ ಟ್ರೇಯನ್ನು ಎದೆಗೆ ಒತ್ತಿ ಹಿಡಿದರು; ಆ ಒತ್ತು ನನ್ನ ಗಾಜಿಗೂ ತಾಗಿತು.

"ಮೊದಲು ಕೊಟ್ಟದ್ದು ತಮಾಷೆಗೆ," ಎಂದ ಅವನು. "ಅಸಲಿ ಇದು. ಹಡಗಿನಲ್ಲಿ ಕಲಿತ ವಿದ್ಯೆ. ಒಳಗೆ ಬೇರೆ ಕೆಗ್ಗಿನಲ್ಲಿ ಇಟ್ಟದ್ದಕ್ಕೆ ಈ ಪರಿಮಳ. ಬಾಟಲಿಗೆ ಈಗ ಇಳಿಸಿದ್ದು, ಅಷ್ಟೆ. ನನ್ನ ಮಗಳ ಖುಷಿಗೆ!"

ಎಲ್ಲರೂ ಗ್ಲಾಸ್ ಎತ್ತಿದರು. ಹಾಲಿನಲ್ಲಿ ತೊಯ್ದು ಕೂತಿದ್ದ ವೆನಿಟಾ ತಿರುಗಿದಳು. "ಪಪ್ಪಾ, ಮಾಡಿದ್ದು ಮಮ್ಮಿ ಅಲ್ವಾ..."

"ಸುಮ್ನಿರು," ಅಂದರು ಸೆವ್ರಿನ್. "ಬಾಯಿ ಬಿಟ್ರೆ ಹಾಲು ಒಳಗೆ ಹೋಗ್ತದೆ."

ನಾನು ಅಂದೇ ಸಿಡಿದು ಚೂರಾಗಬೇಕಿತ್ತು. ಗ್ಯಾಸ್ ಇರಲಿಲ್ಲ.

ಆಮೇಲೆ ಸೆವ್ರಿನ್ ಬಿಯರ್ ಮಾಡಲಿಲ್ಲ. "ಮುಂದಿನದು ಯಾವಾಗ?" ಎಂದು ಅವನು ಕೇಳಿದಾಗ, "ಕೆಗ್ ಉಂಟಲ್ಲ, ಅದನ್ನೇ ಕೇಳು," ಅಂದರು. ಉಳಿದ ಬಾಟಲಿಗಳು ಗುಜರಿಗೆ ಹೋದವು. ನನ್ನ ಬಾಯಿ ಈ ನಡುವೆ ಸ್ವಲ್ಪ ಒಡೆದದ್ದರಿಂದ ನಾನು ಮನೆಯಲ್ಲೇ ಉಳಿದೆ. ಈಗ ಕಿಟಕಿಯ ಹತ್ತಿರ ಕಳ್ಳಿನ ವಿನೆಗರ್ ತುಂಬಿಕೊಂಡು ನಿಂತಿದ್ದೇನೆ. ಒಳಗೆ ಹುಳಿ, ಹೊರಗೆ ಜಿಡ್ಡು. ಹಿಡಿದಿಡುವವರಿಗೆ ಹೆಸರಿಲ್ಲ ಎಂದು ಯಾರಾದರೂ ಸಮಾಧಾನ ಹೇಳಲು ಬಂದರೆ, ದಯವಿಟ್ಟು ಬರಬೇಡಿ. ಒಂದು ಹೆಸರು ಹೇಳಲು ಎಷ್ಟು ಉಸಿರು ಬೇಕು?

ವೆನಿಟಾಳ ರೋಸ್ ದಿನ ಎಲ್ಲರ ಎದುರು ಸೆವ್ರಿನ್ ಹೆಸರು ಹೇಳುತ್ತೇನೆಂದು ವಲೇರಿಯನ್ ಮಾತು ಕೊಟ್ಟಿದ್ದ. ಹೇಳಲಿಲ್ಲ.